ದಾರವಿಲ್ಲದೆ ನಡೆದ ಮರದ ಮನುಷ್ಯ

ಮನುಷ್ಯನ ಕಾಲನ್ನು ನಾನು ಮೊದಲು ಫರಸಿ ಕಲ್ಲಿನಲ್ಲಿ ಮಾಡಿದೆ. ಇಂಥ ಮೂರ್ಖತನ ಆ ಹಾಸುಗಲ್ಲಿನ ಗಣಿಗಳ ಊರು ಶಹಾಬಾದಿನವನಿಗೆ ಮಾತ್ರ ಸಾಧ್ಯ. ನಮ್ಮ ನೆಲ ಫರಸಿ, ಗೋಡೆ ಫರಸಿ, ಮಾಳಿಗೆ ಫರಸಿ, ಅವ್ವ ಬಟ್ಟೆ ಒಗೆಯುವುದೂ ಫರಸಿಯ ಮೇಲೆ. ಕಾಲೊಂದು ಯಾಕೆ ಬೇರೆ ಎಂದುಕೊಂಡೆ.

ಆಗ ಪಿಯುಸಿಯಲ್ಲಿದ್ದೆ. ಚಿತ್ತಾಪುರದಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಉಳಿದವರು ಹೊಗೆ ಉಗುಳುವ ಜ್ವಾಲಾಮುಖಿ ಮಾಡಲು ಹೊರಟರೆ, ನಾನು ಮೋಟರಿಲ್ಲದೆ ಇಳಿಜಾರು ಹಲಗೆಯ ಮೇಲೆ ತಾನೇ ನಡೆದು ಇಳಿಯುವ ಯಂತ್ರಮಾನವನನ್ನು ತರುತ್ತೇನೆಂದು ಸಾರಿಬಿಟ್ಟೆ. ಫರಸಿ ಕಾಲಿನವನು ಮೊದಲ ಹೆಜ್ಜೆಗೇ ಬಿದ್ದು ಪ್ರಯೋಗಶಾಲೆಯ ನೆಲ ಒಡೆದ. ನೆಲವೂ ಫರಸಿಯೇ, ಬೀಗರಿಗೆ ಬೀಗರು ಡಿಕ್ಕಿ ಹೊಡೆದಂತಾಯಿತು.

ಆಮೇಲೆ ಮರದ ಕಾಲು ಮಾಡಿದೆ. ಸೊಂಟಕ್ಕೊಂದು, ಮೊಣಕಾಲಿಗೊಂದು ಸೈಕಲ್ ಟ್ಯೂಬಿನ ಪಟ್ಟಿ. ತೊಡೆ ಮುಂದೆ ಹೊರಟರೂ ಮೊಣಕಾಲಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಅದು ಮಡಚದೆ, ಪಾದ ಹಲಗೆಗೆ ತಾಗಿ, ಮತ್ತೆ ದಢಂ.

ಭೌತಶಾಸ್ತ್ರದ ಸರ್ ಒಂದೇ ಮಾತು ಹೇಳಿದರು: ಮೇಲಿನಿಂದ ದಾರ ಕಟ್ಟಿ ಗೊಂಬೆಯ ಹಾಗೆ ನಡೆಸು, ಇಲ್ಲದಿದ್ದರೆ ನಿನ್ನ ಮೇಜನ್ನೂ ಜ್ವಾಲಾಮುಖಿಯವರಿಗೆ ಕೊಡುತ್ತೇನೆ. ನಾನು ಕಟ್ಟುವುದಿಲ್ಲ ಎಂದೆ.

“ಬಿದ್ರ?”

“ಬೀಳ್ಲಿ ಬಿಡ್ರಿ ಸರ್. ತನ್ನ ಕಾಲಿಂದ ತಾನ ಬೀಳ್ತಾನ.”

ನಡೆಯದಿದ್ದರೆ ಮೀಸೆ ಬೋಳಿಸುತ್ತೇನೆ ಎಂದೂ ಸೇರಿಸಿದೆ. ಮೀಸೆ ಇನ್ನೂ ಬಂದಿರಲಿಲ್ಲ, ಅದೇ ನನ್ನ ಧೈರ್ಯ.

ಆ ಭಾನುವಾರ ಅವ್ವ ಕೋಳಿ ಕೊಯ್ಯುತ್ತಿದ್ದಳು. ನಾನು ಕೋಳಿಯ ಒಂದು ಕಾಲು ಎತ್ತಿಕೊಂಡು ಆಡುತ್ತಾ ಕೂತಿದ್ದೆ. ಮೇಲಿನ ಕೀಲು ಮಡಚಿದರೆ ಕೆಳಗಿನ ಬೆರಳುಗಳು ತಾವೇ ಮುಷ್ಟಿ ಕಟ್ಟಿದವು. ನೆಟ್ಟಗೆ ಮಾಡಿದರೆ ಬಿಚ್ಚಿಕೊಂಡವು. ತೊಗಲು ಸುಲಿದು ನೋಡಿದರೆ ಹುರಿಯಂಥ ಒಂದೇ ಸ್ನಾಯು ಕೀಲಿನ ಮೇಲೆ ಕೀಲು ದಾಟಿ ಹೋಗಿತ್ತು. ನನ್ನ ತೊಡೆಯ ಹಿಂಬದಿ ಮುಟ್ಟಿ ನೋಡಿಕೊಂಡೆ. ಅಲ್ಲೂ ಹಗ್ಗದಂಥದ್ದೊಂದು ಕುಂಡೆಯ ಕೆಳಗಿನಿಂದ ಹೊರಟು ಮೊಣಕಾಲು ದಾಟಿ ಇಳಿದಿತ್ತು. ಸೊಂಟದ ಸುದ್ದಿ ಮೊಣಕಾಲಿಗೆ ಒಯ್ಯುವ ಅಂಚೆಯವನು ಇವನೇ.

“ಸಾರಿಗಿ ಬೇಕು, ಆ ಕಾಲು ಇತ್ಲಾಗ ಕೊಡಲೇ,” ಎಂದಳು ಅವ್ವ.

“ತಡಿಯವ್ವ, ಇದು ನನಗ ಪಾಠ ಹೇಳ್ಲಿಕತ್ತದ.”

“ನಿನಗ ಪಾಠ ಹೇಳಿ ಹೇಳೇ ಸತ್ತದ ಅದು.”

ಮರದ ಕಾಲಿನ ಬೇರೆ ಬೇರೆ ಪಟ್ಟಿಗಳನ್ನು ಕಿತ್ತೆಸೆದೆ. ಒಂದೇ ಉದ್ದನೆಯ ಪಟ್ಟಿಯನ್ನು ಸೊಂಟದ ಹಿಂದಿನಿಂದ ಎಳೆದು, ಮೊಣಕಾಲು ದಾಟಿಸಿ ಮೊಳೆ ಹೊಡೆದೆ. ಮುಂಭಾಗಕ್ಕೂ ಅಂಥದ್ದೇ ಒಂದು. ಈಗ ತೊಡೆ ಮುಂದೆ ಬಂದರೆ ಹಿಂದಿನ ಪಟ್ಟಿ ಬಿಗಿದು ಮೊಣಕಾಲು ಮಡಚುತ್ತಿತ್ತು, ಪಾದ ನೆಲ ಬಿಡುತ್ತಿತ್ತು. ತೊಡೆ ಹಿಂದೆ ಹೋದರೆ ಮುಂದಿನದು ಬಿಗಿದು ಕಾಲು ನೆಟ್ಟಗಾಗುತ್ತಿತ್ತು.

ಚಿತ್ತಾಪುರಕ್ಕೆ ಹೊರಟು ವಾಡಿಯಲ್ಲಿ ಗಾಡಿ ಬದಲಿಸುವಾಗ ಜನ ನನ್ನ ಹೆಗಲ ಮೇಲಿನ ಮರದ ಮನುಷ್ಯನನ್ನು ನೋಡಿ, ಇವನನ್ನು ಯಾವ ದವಾಖಾನೆಗೆ ಒಯ್ಯುತ್ತೀ ಎಂದು ಕೇಳಿದರು.

ಪ್ರದರ್ಶನದಲ್ಲಿ ಸರ್ ಕೊನೆಯ ಗಳಿಗೆಯಲ್ಲೂ ದಾರದ ಉಂಡೆ ತಂದು ನನ್ನ ಮುಂದಿಟ್ಟರು. ನಾನು ಅದನ್ನು ಪಕ್ಕದ ಜ್ವಾಲಾಮುಖಿಯ ಬಾಯಿಗೆ ಹಾಕಿದೆ. ಪರೀಕ್ಷಕ ಸಾಹೇಬರು ಚಹಾದ ಕಪ್ಪು ಹಿಡಿದು ಬಂದರು. ಮರದ ಮನುಷ್ಯನನ್ನು ಹಲಗೆಯ ಮೇಲ್ತುದಿಯಲ್ಲಿ ನಿಲ್ಲಿಸಿ ಕೈ ತೆಗೆದೆ. ಅವನು ಟಕ್ ಟಕ್ ಎಂದು ಮೊಣಕಾಲು ಮಡಚುತ್ತಾ, ಚಾಚುತ್ತಾ, ಕುಡಿದ ಸೋದರಮಾವನಂತೆ ವಾಲುತ್ತಾ ಹಲಗೆಯ ತುದಿಯವರೆಗೂ ನಡೆದ. ನಿಲ್ಲಿಸುವುದು ಹೇಗೆಂದು ನಾನು ಯೋಚಿಸಿರಲೇ ಇಲ್ಲ. ನೇರ ಸಾಹೇಬರ ಚಹಾದ ಮೇಲೆ ಹೋಗಿ ಬಿದ್ದ.

ಬಹುಮಾನ ಜ್ವಾಲಾಮುಖಿಗೆ ಹೋಯಿತು. ದಾರ ಸುಟ್ಟು ಹೊಗೆ ಭರ್ಜರಿಯಾಗಿ ಬಂದಿತ್ತು.

ಸಾಹೇಬರ ಬಿಳಿ ಪ್ಯಾಂಟಿನ ಸಲುವಾಗಿ ಮಾಫಿ ಕೇಳಿ ಬಾ ಎಂದು ಗೆಳೆಯರು ದೂಡಿದರು. ನನ್ನ ಮರದ ಮನುಷ್ಯನ ದಾರಿಗೆ ಅಡ್ಡ ನಿಂತವರು ಸಾಹೇಬರು, ಅವರೇ ಕೇಳಲಿ ಎಂದೆ.

ಸಂಜೆ ಚಿತ್ತಾಪುರ ಸ್ಟೇಷನ್ನಿನಲ್ಲಿ ಸರ್ ಬಂದು ನನ್ನ ಪಕ್ಕ ಕುಳಿತರು. ಬೈಗುಳಕ್ಕೆ ಎದೆ ಸೆಟೆಸಿಕೊಂಡು ಕಾದೆ. ಅವರು ಮರದ ಮನುಷ್ಯನ ಕಾಲನ್ನು ಹಿಂದೆ ಮುಂದೆ ಆಡಿಸಿ ನೋಡಿ ಹೇಳಿದರು:

“ದಾರ ಇದ್ದಿದ್ರ ಎಲ್ಲಾರೂ ನಿನ್ನ ಕೈ ನೋಡ್ತಿದ್ರು. ನಾ ಇವತ್ತ ಇವನ ಮೊಳಕಾಲು ನೋಡಿದೆ. ಇನ್ನ ಮ್ಯಾಲ ನಾ ಹೇಳಿದ್ರೂ ಕಟ್ಟಬ್ಯಾಡ.”