ಅಂಚಿನ ಮರಗಳು

ಬೋಡಿನಾಯಕನೂರಿನ ಬೆಟ್ಟದ ಬುಡದಲ್ಲಿ ಕಾಡಿನ ಸಸಿ ಬೆಳೆಸುವ ದೈವಾನೈ ಅಕ್ಕನ ಜೊತೆ ಬಸ್ಸು ಹತ್ತಿದವರು ಯಾರೂ ಹೊತ್ತಿಗೆ ಸರಿಯಾಗಿ ಊರು ಸೇರಿದ್ದಿಲ್ಲ. ಚಿನ್ನಮನೂರಿನ ದಾರಿಯಲ್ಲಿ ಮರದಡಿ ಒಣಗಿದ ಕಾಯಿ ಕಂಡರೆ ಸಾಕು, ಬಸ್ಸು ನಿಲ್ಲಿಸಿ ಇಳಿದು, ಸೆರಗಿನ ತುಂಬ ಬೀಜ ಆರಿಸಿಕೊಂಡೇ ಮತ್ತೆ ಹತ್ತುವಳು. ಕಂಡಕ್ಟರ್ ಗೊಣಗಿದರೆ, “ಬಿಸ್ಲು ಬೆಟ್ಟ ಹತ್ತಿ ಬತ್ತಾ ಐತೆ ತಂಬಿ. ಕೆಳಗಿನ ಬಿಸ್ಲು ತಡ್ಕೊಂಡ ಮರದ ಬೀಜಾನೇ ನಾಳೆ ಮೇಲೆ ಬದುಕೋದು” ಎಂದು ಅವನಿಗೂ ಒಂದು ಹಿಡಿ ಕೊಡುವಳು. ಒಂದೇ ಜಾತಿಯ ಸಸಿ ಕೇಳಿ ಬಂದವರಿಗೆ ಬೈದು ಹತ್ತು ಜಾತಿ ಹೊರಿಸಿ ಕಳಿಸುತ್ತಿದ್ದಳು. ಹಲ್ಲುಜ್ಜಲು ಮರದಿಂದ ಕಡ್ಡಿ ಮುರಿದವರ ಜೊತೆ ವಾರಗಟ್ಟಲೆ ಮಾತಿಲ್ಲ. ಕಳೆದ ಮಾರ್ಚ್ ತಿಂಗಳಲ್ಲಿ, ಮಳೆ ಕಾಣದೆ ಒಣಗಿದ್ದ ಹುಲ್ಲಿಗೆ ಬೆಂಕಿ ಬಿದ್ದು, ಅವಳು ಹನ್ನೊಂದು ವರ್ಷ ಬೆಳೆಸಿದ ಕಾಡಿನತ್ತ ನುಗ್ಗಿತು. ಅವಳ ಜೊತೆ ಕೆಲಸ ಮಾಡುತ್ತಿದ್ದ ನಾವು ನೀರಿಗೆ ಓಡಿದೆವು. ನಮ್ಮನ್ನು ತಡೆದು, “ನೀರು ಸಾಲಾಕಿಲ್ಲ. ಅಂಚಿನ ಮರ ಎಲ್ಲಾ ಕಡೀರಿ” ಎಂದಳು. ಮೊದಲ ಏಟು ಅವಳೇ ಹಾಕಿದಳು, ತಾನೇ ಬೀಜದಿಂದ ಎಬ್ಬಿಸಿದ ಮರಕ್ಕೆ. ಕಡಿದು, ಎಳೆದುಹಾಕಿ, ಬಯಲು ಮಾಡಿದ ಆ ಪಟ್ಟಿಯವರೆಗೆ ಬಂದ ಬೆಂಕಿ ಅಲ್ಲೇ ಆರಿತು. ಹಿಂದಿನ ಕಾಡು ಉಳಿಯಿತು. “ಸಾಕಕ್ಕಾ, ಮಚ್ಚು ಕೊಡು” ಎಂದ ನನ್ನ ಜೊತೆಗಿದ್ದ ರಾಮರ್. ಅವಳು ಕೈ ಚಾಚಿದಳು, ಆದರೆ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ನಾವಿಬ್ಬರೂ ಸೇರಿ ಅವನ್ನು ಒಂದೊಂದಾಗಿ ಬಿಡಿಸಬೇಕಾಯಿತು.