ಟೆಂಪಿಯನ್ನು ಯಾರಿಗೆ ಮಾರಿದರು

ನನ್ನ ದೊಡ್ಡಮ್ಮ ಆರ್ಫಾ ಹುಟ್ಟಿದ್ದು ಅಮೆರಿಕದ ದಕ್ಷಿಣದ ಅಲಬಾಮಾದಲ್ಲಿ, ಟಾರ್ಪ್ಲಿ ಮನೆತನದ ಹತ್ತಿ ಹೊಲದಲ್ಲಿ, ಗುಲಾಮಳಾಗಿ. ಅವಳ ಮಗಳು ಟೆಂಪಿಗೆ ದಣಿ ಲೂಷಿಯಸ್ ಟಾರ್ಪ್ಲಿಯದೇ ಬೂದುಗಣ್ಣು, ಅವನದೇ ಮೂಗು. ಯಾಕೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಉತ್ತರದ ರಾಜ್ಯದವರೊಂದಿಗೆ ಯುದ್ಧ ಶುರುವಾದಾಗ ದಣಿ ದಕ್ಷಿಣದ ಸೇನೆಯಲ್ಲಿ ಕ್ಯಾಪ್ಟನ್ ಆದ. ಆ ಅಂತಸ್ತಿಗೆ ತಕ್ಕ ಕುದುರೆ ಬೇಕಾಯಿತು. ಏಳು ವರ್ಷದ ಟೆಂಪಿಯನ್ನು ದಲ್ಲಾಳಿಯೊಬ್ಬನಿಗೆ ಮಾರಿ ಕುದುರೆ ಕೊಂಡ. ದೊಡ್ಡಮ್ಮ ಹೊಲದಿಂದ ಬರುವಷ್ಟರಲ್ಲಿ ಗಾಡಿ ಹೋಗಿಯಾಗಿತ್ತು.

ಯುದ್ಧ ಸೋತು ಅವನು ಮರಳಿದಾಗ ನಮಗೆಲ್ಲ ಗುಲಾಮಗಿರಿಯಿಂದ ಬಿಡುಗಡೆಯಾಗಿತ್ತು. ದೊಡ್ಡಮ್ಮ ಅಂಗಳದಲ್ಲೇ ಅವನನ್ನು ತಡೆದಳು.

“ಯಾರಿಗೆ ಮಾರಿದ್ರಿ ದಣೀ? ಹೆಸರು ಹೇಳ್ಬಿಡಿ, ನಾನೇ ಹುಡುಕ್ಕೋತೀನಿ.”

ಅವನು ಜಗಲಿಯಲ್ಲಿ ನಿಂತ ಹೆಂಡತಿಯತ್ತ ನೋಡಿದ. “ಈಗ ಬೇಡ ಆರ್ಫಾ. ಆಮೇಲೆ ಹೇಳ್ತೀನಿ.”

ಆ ಒಂದು ಮಾತಿಗೆ ಅವಳು ಅಲ್ಲೇ ಉಳಿದಳು. ನಮ್ಮಮ್ಮ ರೇಗಿದಳು. “ಎಲ್ರೂ ಗಂಟು ಕಟ್ಕೊಂಡು ಹೊರಟ್ರೆ ನೀನು ಅವನ ಒಲೆ ಊದ್ತಾ ಕೂತಿದ್ದೀಯಲ್ಲಕ್ಕಾ! ನಾಚಿಕೆ ಆಗಲ್ವಾ?”

“ಗೊತ್ತಿರೋದು ಅವನೊಬ್ಬನಿಗೇ ಕಣೇ. ಎಲ್ಲಿಗಂತ ಹೋಗ್ಲಿ?”

ಚಳಿಗಾಲದಲ್ಲಿ ಅವನಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು. ದೊಡ್ಡಮ್ಮ ಜೋಳದ ಗಂಜಿ ಕುಡಿಸುತ್ತಾ ಊರುಗಳ ಹೆಸರು ಕೇಳತೊಡಗಿದಳು.

“ಮೊಬೀಲ್‌ಗಾ?”

ಹೌದೆಂದು ತಲೆಯಾಡಿಸಿದ.

“ನ್ಯಾಚೆಜ್‌ಗಾ?”

ಅದಕ್ಕೂ ಆಡಿಸಿದ. ಅವಳಿಗೆ ಅನುಮಾನ ಬಂತು.

“ಹೋಗ್ಲಿ, ಆರ್ಫಾಪಟ್ಟಣಕ್ಕಾ?”

ಆ ಇಲ್ಲದ ಊರಿಗೂ ತಲೆಯಾಡಿಸಿ ಕಣ್ಣೀರು ಸುರಿಸಿದ. ದೊಡ್ಡಮ್ಮ ಅವನ ಗದ್ದ ಒರೆಸಿದಳು. ಬೇರೇನೂ ಮಾಡಲು ತೋಚಲಿಲ್ಲ.

“ಸಾಯೋನನ್ನ ಯಾಕೆ ಕಾಡ್ತೀಯ?” ಎಂದಳು ಹೆಂಡತಿ ಬಾಗಿಲಲ್ಲಿ ನಿಂತು.

“ನಿಮಗಾದ್ರೂ ಗೊತ್ತಾ ಅಮ್ಮಾವ್ರೇ?”

“ಆ ಹುಡುಗಿ ಹೆಸರು ಈ ಮನೇಲಿ ಎತ್ಬೇಡ.”

ವಸಂತದಲ್ಲಿ ಅವನು ಸತ್ತ. ಮಣ್ಣಾದ ಮರುದಿನವೇ ದೊಡ್ಡಮ್ಮ ನಡೆದು ಹೊರಟಳು. ದಾರಿಯುದ್ದಕ್ಕೂ ಬಟ್ಟೆ ಒಗೆದು ಹೊಟ್ಟೆ ಹೊರೆದು ಮೊಬೀಲ್, ನ್ಯಾಚೆಜ್ ಎರಡನ್ನೂ ಸುತ್ತಿದಳು. ನಮ್ಮವರ ಚರ್ಚುಗಳಲ್ಲಿ, ಸಂತೆಗಳಲ್ಲಿ ವಿಚಾರಿಸಿದಳು.

“ನೋಡೋಕೆ ಹೇಗಿದ್ದಾಳೆ?” ಎಂದು ನ್ಯಾಚೆಜ್‌ನ ಮೀನು ಮಾರುವವಳೊಬ್ಬಳು ಕೇಳಿದಳಂತೆ.

“ಇಷ್ಟೆತ್ತರ. ಮುಂದಿನ ಹಲ್ಲು ಬಿದ್ದಿದೆ. ಯುದ್ಧ ಶುರುವಾದಾಗ ಮಾರಿದ್ರು.”

“ಅಯ್ಯೋ ತಾಯಿ, ಯಾವಾಗಿನ ಮಾತು ಹೇಳ್ತಿದ್ದೀಯ? ಅವಳೀಗ ಎಷ್ಟೋ ಬೆಳೆದಿರಲ್ವಾ?”

ದೊಡ್ಡಮ್ಮ ಅಲ್ಲೇ ಮೀನಿನ ಬುಟ್ಟಿಯ ಪಕ್ಕ ಕೂತಳಂತೆ. ಬೆಳೆದ ಟೆಂಪಿ ಹೇಗಿರಬಹುದೆಂದು ಊಹಿಸಲು ಎಷ್ಟು ಯತ್ನಿಸಿದರೂ ಮುಖವೇ ಮೂಡಲಿಲ್ಲವಂತೆ.

ಮುಂದಿನ ಚಳಿಗಾಲಕ್ಕೆ ಮುಂಚೆ ನಮ್ಮ ಮನೆಗೆ ಬಂದಳು. ಸಾಯುವ ತನಕ ನಮ್ಮೊಂದಿಗೇ ಇದ್ದಳು. ಟೆಂಪಿಯ ಸುದ್ದಿ ಮಾತ್ರ ಬರಲೇ ಇಲ್ಲ.