ಅತ್ತೆಯ ಜೊತೆ ಒಂದೇ ಕ್ಲಾಸಿನಲ್ಲಿ

ಇವತ್ತು ಬೆಳಿಗ್ಗೆ ಹೆಂಡತಿ ರೊಟ್ಟಿಗೆಂದು ರವೆ ಕಲಸಿಟ್ಟಿದ್ದಳು. ಅಡುಗೆಮನೆಗೆ ಹೋದ ನಾನು ಸುಮ್ಮನಿರದೆ ಒಂದು ಚೂರು ತೆಗೆದು ಬೆರಳಲ್ಲಿ ಉಜ್ಜಿ ಮೂಸಿದೆ. "ಅದು ತಿನ್ನೋಕೆ ಇರೋದು ರೀ" ಎಂದು ಪಾತ್ರೆಯನ್ನು ಆಚೆಗೆ ಸರಿಸಿದಳು. ಮೃದಂಗದವನನ್ನು ಮದುವೆಯಾದವರ ಕಷ್ಟ ನಿಮಗೆ ಹೇಗೆ ಹೇಳಲಿ. ಮೃದಂಗದ ಎಡಭಾಗ ಗುಂಯ್ ಎನ್ನಬೇಕಾದರೆ ಅದಕ್ಕೆ ಒದ್ದೆ ರವೆಯನ್ನು ನಾದಿ ಮೆತ್ತಬೇಕು, ನುಡಿಸಿಯಾದ ಮೇಲೆ ಕೆರೆದು ತೆಗೆಯಬೇಕು. ಹಾಗಾಗಿ ಹಸಿ ರವೆಯ ವಾಸನೆಗೆ ನಿಮಗೆ ಹಸಿವಾದರೆ, ನನಗೆ ಶ್ರೀರಂಗಪಟ್ಟಣದಲ್ಲಿ ಹೊಳೆಯ ಪಕ್ಕದಲ್ಲಿದ್ದ ನಮ್ಮ ಸಂಗೀತ ವಿದ್ಯಾಲಯ ನೆನಪಾಗುತ್ತದೆ. ಜೊತೆಗೇ, ಅಲ್ಲಿ ನನ್ನ ಸಹಪಾಠಿಯಾಗಿದ್ದ ಜಯತ್ತೆ.

ಜಯತ್ತೆ ನನ್ನ ಅಪ್ಪನ ಅಕ್ಕ. ನಾಗಮಂಗಲಕ್ಕೆ ಕೊಟ್ಟಿದ್ದರು. ಮಾವ ತೀರಿಕೊಂಡ ಮೇಲೆ ಕೃಷ್ಣರಾಜಪೇಟೆಯ ನಮ್ಮ ಮನೆಗೇ ಬಂದಿದ್ದಳು. ಅಪ್ಪನಿಗೆ ಪಂಪ್‌ಸೆಟ್ ರಿಪೇರಿ ಅಂಗಡಿ. ಮನೆಯಲ್ಲಿ ನಾನೊಬ್ಬನೇ ಮಗ, ಮತ್ತು ನಾನು ಹಾಡುತ್ತೇನೆ ಎಂಬುದು ಮನೆಯವರೆಲ್ಲರ ನಂಬಿಕೆ. ನನ್ನದೂ ಅದೇ ನಂಬಿಕೆ. ಮನೆಗೆ ಬಂದು ಪಾಠ ಹೇಳುತ್ತಿದ್ದ ಮೇಷ್ಟ್ರು ಮಾತ್ರ ಈ ವಿಷಯದಲ್ಲಿ ಬಾಯಿ ಬಿಡುತ್ತಿರಲಿಲ್ಲ.

ಆ ವಿದ್ಯಾಲಯದಲ್ಲಿ ಸೀಟು ಸಿಗುವುದೆಂದರೆ ಹುಡುಗಾಟವಲ್ಲ. ಎಲ್ಲೆಲ್ಲಿಂದಲೋ ಬರುತ್ತಿದ್ದರು. ನಾನು ಆಯ್ಕೆಗೆ ಹೊರಟಾಗ ಅಪ್ಪ ಅತ್ತೆಯನ್ನು ಜೊತೆಗೆ ಕಳಿಸಿದರು. "ಅಕ್ಕಯ್ಯ, ಇವನು ಗಾಬರಿ ಬಿದ್ರೆ ಅನ್ನ ಮುಟ್ಟಾಕಿಲ್ಲ. ನೀನೂ ಓಗು" ಎಂದರು. ಅತ್ತೆ ಚಿತ್ರಾನ್ನ ಕಟ್ಟಿಕೊಂಡು ಬಂದು, ಹಾಲಿನ ಹಿಂದಿನ ಬೆಂಚಿನಲ್ಲಿ ಕೂತಳು.

ಎದುರಿಗೆ ಪ್ರಾಂಶುಪಾಲರು. ಎಲ್ಲರೂ ಅವರನ್ನು ದೊಡ್ಡ ಮೇಡಂ ಎನ್ನುತ್ತಿದ್ದರು. ನಾನು ಹಾಡಲು ಶುರು ಮಾಡಿದೆ. ಮೇಲಿನ ಷಡ್ಜ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಾಗ ಗಂಟಲು ಕೈಕೊಟ್ಟಿತು. ಸಾಲು ಅರ್ಧಕ್ಕೇ ನಿಂತುಹೋಯಿತು. ಆಗ ಹಿಂದಿನ ಬೆಂಚಿನಿಂದ ಉಳಿದರ್ಧ ಸಾಲು ತನ್ನಷ್ಟಕ್ಕೆ ತಾನೇ ಹಾಡಿಕೊಂಡಂತೆ ಸಲೀಸಾಗಿ ಮೇಲೆ ಹೋಗಿ ಇಳಿದು ಬಂತು. ನಾನು ಮೇಷ್ಟ್ರಿಂದ ಪಾಠ ಹೇಳಿಸಿಕೊಳ್ಳುತ್ತಿದ್ದಷ್ಟು ವರ್ಷವೂ ಅತ್ತೆ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಏನು ಮಾಡುತ್ತಿದ್ದಳೆಂದು ನನಗೆ ಅವತ್ತು ತಿಳಿಯಿತು.

"ಮುಗಿಸಿದ್ದು ಯಾರು?" ಎಂದರು ದೊಡ್ಡ ಮೇಡಂ.

ಅತ್ತೆ ಎದ್ದು ನಿಂತು, "ತಪ್ಪಾಯ್ತು ಕಣವ್ವ. ಅರ್ಧಕ್ಕೆ ಬುಟ್ರೆ ನಂಗೆ ತಡೆಯಾಕಾಗಲ್ಲ" ಎಂದಳು.

ಅವಳನ್ನು ಇನ್ನೊಂದು ಹಾಡಿಸಿದರು. ಆಮೇಲೆ ಮತ್ತೊಂದು. ನಾನು ಪಕ್ಕದಲ್ಲಿ ನಿಂತು ಅವಮಾನದಿಂದ ಕಿಟಕಿಯ ಸರಳಿನ ಮೇಲೆ ಬೆರಳು ಬಡಿಯುತ್ತಿದ್ದೆ. ದೊಡ್ಡ ಮೇಡಂ ಅದನ್ನೂ ಗಮನಿಸಿದರು. "ನಿನ್ನ ಗಂಟಲಿಗಿಂತ ಕೈ ವಾಸಿ" ಎಂದರು. ಹೀಗೆ, ಹಾಡಲು ಹೋದ ನನಗೆ ಮೃದಂಗದಲ್ಲಿ ಸೀಟು ಸಿಕ್ಕಿತು, ಚಿತ್ರಾನ್ನ ತಂದವಳಿಗೆ ಹಾಡುಗಾರಿಕೆಯಲ್ಲಿ.

ಬಸ್ಸಿನಲ್ಲಿ ಬರುವಾಗ ಅತ್ತೆ ಪಾಂಡವಪುರದವರೆಗೆ ಆ ಸಾಲನ್ನೇ ಗುನುಗುತ್ತಿದ್ದಳು. ಆಮೇಲೆ, "ನಿಮ್ಮಪ್ಪಂಗೆ ಹೇಳಬ್ಯಾಡ" ಎಂದಳು.

"ಯಾಕತ್ತೆ?"

"ಅವನು ಬ್ಯಾಡ ಅಂದ್ರೆ ಮೀರಾಕಾಗಲ್ಲ. ಕೇಳ್ದೇ ಇದ್ರೆ ಅವನು ಬ್ಯಾಡ ಅನ್ನೋದೆಂಗೆ?"

ನಮ್ಮ ಮನೆಗೆ ಬಂದಾಗಿನಿಂದ ಅವಳು ಒಂದು ಸೀರೆಯನ್ನೂ ಬಾಯಿಬಿಟ್ಟು ಕೇಳಿದವಳಲ್ಲ. ಈಗ ಕೇಳದೆಯೇ ತೆಗೆದುಕೊಳ್ಳಲು ಹೊರಟಿದ್ದಳು. ನನಗೆ ಭಯವೂ ಆಯಿತು, ಒಳಗೊಳಗೇ ಖುಷಿಯೂ ಆಯಿತು. ಹುಡುಗ ಒಬ್ಬನೇ ಇದ್ದರೆ ಸೊರಗುತ್ತಾನೆ, ಅಡುಗೆ ಮಾಡಿ ಹಾಕಲು ನಾನೂ ಹೋಗುತ್ತೇನೆ ಎಂದು ಅತ್ತೆ ಅಪ್ಪನನ್ನು ಒಪ್ಪಿಸಿದಳು. ಶ್ರೀರಂಗಪಟ್ಟಣದ ಕೋಟೆಯೊಳಗೆ ಒಂದು ಬಾಡಿಗೆ ಕೋಣೆ ಹಿಡಿದೆವು. ಅಡುಗೆ ಮಾಡಿದವನು ನಾನು. ಅವಳಿಗೆ ಸಾಧನೆಗೇ ಹೊತ್ತು ಸಾಲುತ್ತಿರಲಿಲ್ಲ.

ತಾಳದ ಕ್ಲಾಸು ಎಲ್ಲರಿಗೂ ಒಟ್ಟಿಗೆ ನಡೆಯುತ್ತಿತ್ತು. ಸ್ವಾಮಿ, ನೀವು ಯಾವ ಕಾಲೇಜಿನಲ್ಲಿ ಓದಿದ್ದರೂ ಸರಿ, ಪಕ್ಕದಲ್ಲಿ ಅತ್ತೆ ಕೂತಿರಲಿಲ್ಲ ತಾನೇ? ನಾನು ಮುಂದಿನ ಸಾಲಿನ ಪಿಟೀಲಿನ ಹುಡುಗಿಯತ್ತ ನೋಡಿ ಗಂಭೀರವಾಗಿ ಮುಗುಳ್ನಗುವುದಕ್ಕೂ ಪಕ್ಕದಿಂದ, "ಲೇ, ಬಾಯಿ ಒರೆಸ್ಕೊ, ಚಟ್ನಿ ಅಂಟೈತೆ" ಎಂಬ ಮಾತು ಬರುವುದಕ್ಕೂ ಸರಿಹೋಗುತ್ತಿತ್ತು. ಒಂದು ತಿಂಗಳಾಗುವಷ್ಟರಲ್ಲಿ ಅವಳು ಇಡೀ ಕ್ಲಾಸಿಗೆ ಅತ್ತೆಯಾದಳು. ದೊಡ್ಡ ಮೇಡಂ ಕೂಡ ಒಮ್ಮೆ ಬಾಯಿತಪ್ಪಿ, "ಅತ್ತೆ, ನೀವು ಹೇಳಿ" ಎಂದುಬಿಟ್ಟು ಕೆಮ್ಮಿದರು. ನನ್ನ ಹೆಸರು ಯಾರಿಗೂ ನೆನಪಿರಲಿಲ್ಲ. ನಾನು 'ಅತ್ತೆಯ ಹುಡುಗ.'

ಅವಳಿಗೆ ಸ್ವರ ಎಷ್ಟು ಸಲೀಸೋ ತಾಳ ಅಷ್ಟೇ ಕಷ್ಟ. ಹಾಡಿನಲ್ಲಿ ಮುಳುಗಿದರೆ ಕೈ ನಿಂತೇ ಹೋಗುತ್ತಿತ್ತು. "ಎರಡೆರಡು ಕೆಲಸ ಒಟ್ಟಿಗೆ ಎಂಗ್ಲಾ ಮಾಡೋದು?" ಎಂದು ನನ್ನ ಮೇಲೆಯೇ ರೇಗುತ್ತಿದ್ದಳು. ಅನ್ನಕ್ಕೆ ಇಟ್ಟ ಕುಕ್ಕರಿನ ಶಬ್ದಕ್ಕೆ ತಾಳ ಹಾಕಿಸಿದೆ. ಅದು ಅವಳಿಗಿಂತಲೂ ಅಡ್ಡಾದಿಡ್ಡಿಯಾಗಿ ಕೂಗುತ್ತಿತ್ತು.

ಅಪ್ಪ ಆಗಾಗ ಫೋನ್ ಮಾಡುತ್ತಿದ್ದರು. ಒಮ್ಮೆ ನಾನು ಮಾತಾಡುವಾಗ ಅತ್ತೆ ಒಳಗೆ ಜೋರಾಗಿ ಹಾಡುತ್ತಿದ್ದಳು.

"ಅದ್ಯಾರ್ಲಾ ಹಾಡ್ತಿರೋದು?"

"ಪಕ್ಕದ ಮನೆ ಹುಡುಗಿ ಅಪ್ಪ. ನಮ್ ಕ್ಲಾಸೇ."

ಅಪ್ಪ ಸಾಲು ಮುಗಿಯುವವರೆಗೂ ಕೇಳಿಸಿಕೊಂಡರು. "ಚೆಂದಾಗಿ ಹಾಡ್ತದೆ. ಯಾರ ಮಗ್ಳು?" ಎಂದರು. ನಾನು ಸಿಗ್ನಲ್ ಇಲ್ಲವೆಂದು ಫೋನ್ ಇಟ್ಟೆ.

ವರ್ಷದ ಕೊನೆಗೆ ವಿದ್ಯಾಲಯದ ಹಾಲಿನಲ್ಲಿ ವಿದ್ಯಾರ್ಥಿಗಳ ಕಛೇರಿ. ಅತ್ತೆಯ ಹಾಡು, ನನ್ನ ಮೃದಂಗ ಎಂದು ದೊಡ್ಡ ಮೇಡಂ ತೀರ್ಮಾನಿಸಿಬಿಟ್ಟರು. ಮಗನ ಮೃದಂಗ ಕೇಳಲು ಅಪ್ಪ ಒಂದು ವ್ಯಾನ್ ತುಂಬ ನೆಂಟರನ್ನು ಹೇರಿಕೊಂಡು ಬಂದರು. ಅತ್ತೆ ಪರದೆಯ ಸಂದಿಯಿಂದ ಇಣುಕಿ ನೋಡಿದಳು. "ಓಡೋಗ್ಬುಡ್ಲೇನೋ" ಎಂದಳು. ಓಡಿಹೋಗಲು ಇದ್ದ ಬಾಗಿಲು ಒಂದೇ, ಅಲ್ಲಿ ಅಪ್ಪ ಚಪ್ಪಲಿ ಬಿಡುತ್ತಿದ್ದರು.

ಪರದೆ ಸರಿಯಿತು. ಅಪ್ಪ ಮುಂದಿನ ಸಾಲಿನಲ್ಲಿ ಕೂತು ನನ್ನನ್ನು ನೋಡಿ ತಲೆಯಾಡಿಸಿದರು. ನಡುವೆ ಕೂತವಳನ್ನು ನೋಡಿದರು. ಅಕ್ಕ ಹಿಂದೆಲ್ಲೋ ಕೂತಿರಬೇಕೆಂದು ತಿರುಗಿ ಹುಡುಕಿದರು. ಮತ್ತೆ ವೇದಿಕೆಯತ್ತ ನೋಡಿದವರು ಹಾಗೇ ಇದ್ದುಬಿಟ್ಟರು.

ಅತ್ತೆ ಚೆನ್ನಾಗಿಯೇ ಶುರು ಮಾಡಿದಳು. ಹಾಡಿನ ಎರಡನೆಯ ಸಾಲಿಗೆ ಬಂದಾಗ ತಮ್ಮನ ಮುಖ ಕಣ್ಣಿಗೆ ಬಿತ್ತು. ತಾಳ ಹಾಕುತ್ತಿದ್ದ ಕೈ ತೊಡೆಯ ಮೇಲೇ ನಿಂತಿತು. ಇನ್ನೊಂದು ಕ್ಷಣ ಬಿಟ್ಟರೆ ಹಾಡೂ ನಿಲ್ಲುತ್ತಿತ್ತು. ನಾನು ತಿಂಗಳುಗಟ್ಟಲೆ ಕಲಿತಿದ್ದ ಜಾಣತನದ ಪಾಠಗಳನ್ನೆಲ್ಲ ಬದಿಗಿಟ್ಟು, ಕಿವುಡರಿಗೂ ಕೇಳುವಂತೆ ಬರೀ ತಾಳವನ್ನು ಬಡಿಯತೊಡಗಿದೆ. ಅತ್ತೆ ನನ್ನತ್ತ ತಿರುಗಿದಳು. ಕೈ ಮೆಲ್ಲನೆ ಮೇಲೆದ್ದಿತು. ಆಮೇಲೆ ಅವಳು ಅಪ್ಪನನ್ನು ನೋಡಿಕೊಂಡೇ ಹಾಡಿದಳು. ಅಷ್ಟು ದಿನ ಕೋಣೆಯಲ್ಲಿ ಕೇಳಿದ್ದ ದನಿ ಅದಾಗಿರಲಿಲ್ಲ.

ಚಪ್ಪಾಳೆಯೆಲ್ಲ ಅವಳಿಗೆ. ನಾಗಮಂಗಲದ ಒಬ್ಬ ನೆಂಟರು ಮಾತ್ರ ನನ್ನ ಬಗ್ಗೆಯೂ ಒಂದು ಮಾತು ಹೇಳಿದರಂತೆ: "ಹುಡುಗ ಒಳ್ಳೆ ರಾಗಿ ಬಡ್ದಂಗೆ ಬಡಿತಾನೆ."

ಅಪ್ಪ ವೇದಿಕೆಯ ಹಿಂದಕ್ಕೆ ಬಂದರು. ಅತ್ತೆ ಸೆರಗಿನ ತುದಿ ಸುತ್ತುತ್ತ ನೆಲ ನೋಡುತ್ತಿದ್ದಳು.

"ಅಂಗಾರೆ ಅಡುಗೆ ಯಾರು ಮಾಡ್ತಿದ್ರು?" ಎಂದರು ಅಪ್ಪ.

"ಇವನೇ" ಎಂದಳು ಅತ್ತೆ.

ಅಪ್ಪ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ನನ್ನ ಒಂದು ವರ್ಷದ ವಿದ್ಯಾಭ್ಯಾಸದಲ್ಲಿ ಅವರಿಗೆ ಆಶ್ಚರ್ಯವೆನಿಸಿದ್ದು ಇದೊಂದೇ ಇರಬೇಕು.

ಊರಿಗೆ ಹೋಗುವಾಗ ವ್ಯಾನನ್ನು ಪಾಂಡವಪುರದಲ್ಲಿ ಟೀಗೆ ನಿಲ್ಲಿಸಿದರು. ಅದೇ ನೆಂಟರು, "ಈ ವಯಸ್ನಲ್ಲಿ ಇದೆಲ್ಲ ಬೇಕಿತ್ತಾ" ಎಂದು ರಾಗ ತೆಗೆದರು. ಅಪ್ಪ ಲೋಟ ಕೆಳಗಿಟ್ಟು, "ಇನ್ನೂ ಕೋರ್ಸು ಮುಗಿದಿಲ್ಲ. ನಮ್ಮಕ್ಕ ಓದ್ಲಿ ಬುಡಪ್ಪ" ಎಂದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಆ ಪಕ್ಕದ ಮನೆ ಹುಡುಗಿ ಯಾಕ್ಲಾ ಹಾಡ್ಲಿಲ್ಲ?" ಎಂದರು. ಅತ್ತೆಗೆ ಕೇಳಿಸಿತು. ಅವಳು ನಕ್ಕ ರಭಸಕ್ಕೆ ಟೀ ಸೀರೆಯ ಮೇಲೆಲ್ಲ ಚೆಲ್ಲಿತು.

ಅತ್ತೆ ಕೋರ್ಸು ಮುಗಿಸಿದಳು. ಈಗ ಕೃಷ್ಣರಾಜಪೇಟೆಯ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ, ಕರೆದಲ್ಲಿ ಹೋಗಿ ಹಾಡುತ್ತಾಳೆ. ನಾನು ಪಾಂಡವಪುರದಲ್ಲಿ ಮೃದಂಗ ಕಲಿಸಿಕೊಂಡಿದ್ದೇನೆ.

ಇವತ್ತು ಸಂಜೆಯ ಕ್ಲಾಸಿಗೆ ಶಬಾನಾ ಎಂಬ ಹುಡುಗಿ ಎಂದಿನಂತೆ ತಾಯಿಯ ಜೊತೆ ಬಂದಳು. ತಾಯಿ ಯಾವಾಗಲೂ ಜಗುಲಿಯಲ್ಲಿ ಕೂತು ಕಾಯುತ್ತಾರೆ. ಕಾಯುತ್ತ ಕಾಯುತ್ತ ಕಟ್ಟೆಯ ಮೇಲೆ ಪಾಠದ ತಾಳಕ್ಕೆ ಸರಿಯಾಗಿ ಬೆರಳಾಡಿಸುತ್ತಾರೆ. ಅದನ್ನು ನಾನು ಎಷ್ಟೋ ದಿನದಿಂದ ಕಂಡೂ ಕಾಣದಂತಿದ್ದೆ. ಇವತ್ತು ಎದ್ದು ಹೋಗಿ, "ಒಳಗೆ ಬನ್ನಿ, ನೀವೂ ಕೂತ್ಕೊಳ್ಳಿ" ಎಂದೆ.

"ನಂಗ್ಯಾಕೆ ಸಾರ್, ಮಗ್ಳು ಕಲೀಲಿ ಬುಡಿ" ಎಂದರು. ಹಾಗೆನ್ನುತ್ತಲೇ ಚಪ್ಪಲಿ ಬಿಟ್ಟು ಒಳಗೆ ಬಂದಾಗಿತ್ತು.

ಶಬಾನಾ ಬಾಯಿ ತೆರೆದುಕೊಂಡು ಒಮ್ಮೆ ಅಮ್ಮನನ್ನು, ಒಮ್ಮೆ ನನ್ನನ್ನು ನೋಡಿದಳು. ಆ ಹುಡುಗಿಯ ಮುಂದಿನ ದಿನಗಳು ನನ್ನ ಕಣ್ಣೆದುರಿಗೆ ಸಾಲಾಗಿ ಹಾದುಹೋದವು. ಪಾಪ ಎನಿಸಿತು. ಆದರೂ ಅವಳ ಅಮ್ಮನಿಗೆ ಅವಳ ಪಕ್ಕದಲ್ಲೇ ಚಾಪೆ ಹಾಸಿದೆ.